ಉಮೇಶ ಕೊಂಡ ಜಪಾನಿ ಪತ್ರಿಕೆಗಳು

ಸತ್ತವನ ಹೆಸರಿನಲ್ಲಿ ನಾಲ್ಕು ವರ್ಷ ಜಪಾನಿನಿಂದ ಪಾರ್ಸೆಲ್ ತರಿಸಿಕೊಂಡವನು ನಾನು. ಹೇಳಿಕೊಳ್ಳುವುದಕ್ಕೆ ಹೆಮ್ಮೆಯ ವಿಷಯವೇನಲ್ಲ. ಗೋಣಿಬೀಡಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಇಪ್ಪತ್ತೆಂಟು ವರ್ಷ ರೈಟರಾಗಿದ್ದೆ. ಆಳುಗಳ ಹಾಜರಿ ಬರೆಯುವುದು, ಗೊಬ್ಬರ ತರಿಸುವುದು, ಮಾಲೀಕರ ಪರವಾಗಿ ಕಾಗದ ಬರೆಯುವುದು ನನ್ನ ಕೆಲಸ. ದೆವ್ವ ಭೂತ ಎಂದು ಬಾಯಿಬಿಟ್ಟವರನ್ನು ಆಫೀಸಿನ ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ಓಂಕಾರಪ್ಪನವರ ಹತ್ತಿರ ಅಂಥದ್ದೆಲ್ಲ ನಡೆಯಲ್ಲ ಎಂದು ಜನ ಹೇಳಿದರೆ ನನಗೆ ಖುಷಿಯೂ ಆಗುತ್ತಿತ್ತು.

ಉಮೇಶ ನನ್ನ ಕೈಕೆಳಗಿನ ಹುಡುಗ. ತಾಯಿ ಭಾಗಮ್ಮ ನಮ್ಮಲ್ಲೇ ಹಣ್ಣು ಕೊಯ್ಯುವ ಆಳು, ಆಳುಗಳ ಸಾಲುಮನೆ, ಲೈನ್ ಮನೆಯಲ್ಲಿ ವಾಸ. ಗಂಡ ಬೇಗ ಹೋದ ಮೇಲೆ ಆಕೆ ಒಬ್ಬಳೇ ದುಡಿದು ಮಗನನ್ನು ಮೂಡಿಗೆರೆಯಲ್ಲಿ ಪಿಯುಸಿವರೆಗೆ ಓದಿಸಿದ್ದಳು. ಹುಡುಗ ಮಾತಿನಲ್ಲಿ ಜಿಪುಣ, ಕೆಲಸದಲ್ಲಿ ಚೊಕ್ಕ. ಏನು ಬರೆದರೂ ಕಾರ್ಬನ್ ಹಾಕಿ ಒಂದು ನಕಲು ಇಟ್ಟುಕೊಳ್ಳಬೇಕೆಂದು ನಾನೇ ಕಲಿಸಿದ್ದೆ. ಅದನ್ನು ಅವನು ವ್ರತದ ಹಾಗೆ ಹಿಡಿದ.

1996ರ ಜನವರಿಯಲ್ಲಿ ಕಾಫಿ ನೋಡಲು ಜಪಾನಿನ ವ್ಯಾಪಾರಿಯೊಬ್ಬ ಬಂದಿದ್ದ. ಕಣದಲ್ಲಿ ಒಣಗುತ್ತಿದ್ದ ಪಾರ್ಚ್‌ಮೆಂಟ್ ಕಾಫಿಬೀಜವನ್ನು ಮೂಸಿ, ಕಚ್ಚಿ, ಹೊರಟುಹೋದ. ಜೀಪಿನಲ್ಲಿ ಅವನ ಒಂದು ಕ್ಯಾಸೆಟ್ ಉಳಿದಿತ್ತು. ಉಮೇಶ ಅದನ್ನು ಆಫೀಸಿನ ಟೇಪ್ ರೆಕಾರ್ಡರಿಗೆ ಹಾಕಿದ. ಯಾರೋ ಹೆಂಗಸಿನ ಹಾಡು. ನನಗೆ ಅದು ಶೀತವಾದವರು ಹಾಡಿದ ಹಾಗೆ ಕೇಳಿಸಿತು. ಅವನು ಮೂರು ಸಲ ತಿರುಗಿಸಿ ಮುರುಗಿಸಿ ಕೇಳಿದ, ಊಟಕ್ಕೂ ಏಳಲಿಲ್ಲ. ಡಬ್ಬಿಯೊಳಗಿನ ಚೀಟಿಯಲ್ಲಿ ಆ ಗಾಯಕಿಯ ಅಭಿಮಾನಿ ಸಂಘದ ವಿಳಾಸ ಇಂಗ್ಲಿಷಿನಲ್ಲಿತ್ತು. ನನ್ನ ಡಿಕ್ಷನರಿ ಇಟ್ಟುಕೊಂಡು ಕಾಗದ ಬರೆದ.

ಎರಡು ತಿಂಗಳಿಗೆ ಉತ್ತರ ಬಂತು. ಬರೆದವಳು ಯುಕಾರಿ, ಹತ್ತೊಂಬತ್ತರ ಹುಡುಗಿ, ಅವಳೂ ಅದೇ ಗಾಯಕಿಯ ಹುಚ್ಚಿನವಳು. ಅವಳ ಇಂಗ್ಲಿಷೂ ಇವನದರಷ್ಟೇ ಕುಂಟು. ಇವನು ಅರ್ಧ ಕೆ.ಜಿ. ಕಾಫಿಪುಡಿ ಕಳಿಸಿದ. ಅವಳು ಒಂದು ಕ್ಯಾಸೆಟ್ಟನ್ನೂ ಕಾರ್ಟೂನು ಚಿತ್ರಗಳ ಪತ್ರಿಕೆಯನ್ನೂ ಕಳಿಸಿದಳು. ಅನಿಮೆ ಎನ್ನಬೇಕಂತೆ, ಕಾರ್ಟೂನು ಎಂದರೆ ಉಮೇಶನಿಗೆ ಸಿಟ್ಟು. ಅಲ್ಲಿಂದ ಅದೇ ದರ ನಿಂತಿತು: ಅರ್ಧ ಕೆ.ಜಿ. ಪುಡಿಗೆ ಒಂದು ಪಾರ್ಸೆಲ್.

"ಬಿಟ್ಟಿ ತಗೊಳ್ತೀಯಲ್ಲೋ ಮಾರಾಯ" ಎಂದು ನಾನು ಕೆಣಕಿದರೆ, "ಬಿಟ್ಟಿ ಅಲ್ಲ ಸಾರ್, ಕೊಂಡಿದ್ದು" ಎನ್ನುತ್ತಿದ್ದ.

ಎರಡು ವರ್ಷಕ್ಕೆ ಹನ್ನೊಂದು ಕ್ಯಾಸೆಟ್, ಹಾಕಿ ಕೇಳಲು ಯಂತ್ರವಿಲ್ಲದ ಎರಡು ಸಿ.ಡಿ., ಮೊಣಕಾಲೆತ್ತರ ಪತ್ರಿಕೆ ಸೇರಿದವು. ಸಿ.ಡಿ.ಗಳನ್ನು ಬಸ್ಸಿನಲ್ಲಿ ಮೂಡಿಗೆರೆಗೆ ಒಯ್ದು ಕ್ಯಾಸೆಟ್ಟಿಗೆ ಇಳಿಸಿಕೊಂಡು ಬಂದ. ಪತ್ರಿಕೆಗಳ ತುಂಬ ನೇರಳೆ ಕೂದಲಿನ, ಮುಖದ ಅರ್ಧ ಕಣ್ಣೇ ಆಗಿರುವ ಹುಡುಗ ಹುಡುಗಿಯರು. ಒಬ್ಬೊಬ್ಬರ ಹೆಸರೂ ಇವನ ಬಾಯಲ್ಲಿ. ಪುಸ್ತಕ ತೆರೆಯುವುದೋ ಹಿಂದುಗಡೆಯಿಂದ. ಭಾಗಮ್ಮನಿಗೆ ಅದು ಸರಿಬರಲಿಲ್ಲ.

"ಸತ್ತೋರ ಕೆಲ್ಸ ಮಾಡೋ ಹಾಗೆ ಉಲ್ಟಾ ತಿರುಗಿಸ್ತಾನೆ ರೈಟ್ರೇ. ನೀವಾದ್ರೂ ಹೇಳಿ."

ನಾನು ನಕ್ಕುಬಿಟ್ಟೆ.

2001ರ ಮಾರ್ಚಿನಲ್ಲಿ ಮೆಣಸು ಕೊಯ್ಲು ನಡೆದಿತ್ತು. ಆಳು ಕಡಿಮೆ ಬಂದಿದ್ದರು. ಅಲ್ಯೂಮಿನಿಯಂ ಏಣಿಯನ್ನು ಮೇಲಿನ ತೋಟಕ್ಕೆ ದಾಟಿಸಬೇಕಿತ್ತು. ಆಫೀಸಿನಲ್ಲಿ ಕೂತಿದ್ದ ಉಮೇಶನಿಗೆ, ಹೋಗಿ ಒಂದು ಕೈ ಹಿಡಿ ಎಂದೆ. ಏಣಿಯ ತುದಿ ಕರೆಂಟ್ ತಂತಿಗೆ ತಾಗಿತು. ಇಪ್ಪತ್ತೈದು ವರ್ಷದ ಹುಡುಗ. ಅವನನ್ನು ಕಳಿಸಿದವನು ನಾನು ಎಂಬುದು ಎಸ್ಟೇಟಿಗೆಲ್ಲ ಗೊತ್ತಿತ್ತು, ಯಾರೂ ಅಂದು ತೋರಿಸಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಭಾಗಮ್ಮ ಅನ್ನ ಬಿಟ್ಟಳು. ಅಕ್ಕಪಕ್ಕದವರು ಬಲವಂತಕ್ಕೆ ಕುಡಿಸಿದ ಗಂಜಿಯಲ್ಲಿ ಜೀವ ಹಿಡಿದಿದ್ದಳು. ಒಂದೂವರೆ ತಿಂಗಳು ಕಳೆದು ಜಪಾನಿನ ಪಾರ್ಸೆಲ್ ಬಂತು. ನಾನೇ ಒಯ್ದು ಕೊಟ್ಟೆ. ಬಿಚ್ಚಿದಳು, ಪತ್ರಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡಳು, ಆಮೇಲೆ ಎದ್ದು ಒಲೆ ಹಚ್ಚಿ ಅನ್ನಕ್ಕಿಟ್ಟಳು. ಮರುದಿನ ಆಫೀಸಿಗೇ ಬಂದಳು.

"ಇದು ಬರೋದು ನಿಲ್ಬಾರ್ದು. ಪುಡಿ ನಾನು ಕೊಡ್ತೀನಿ, ಕಾಗದ ನೀವು ಬರೀರಿ."

"ಏನಂತ ಬರೀಲಿ ಭಾಗಮ್ಮ?"

"ಅವ್ನು ಬರೀತಿದ್ದ ಹಾಗೇ. ಉಮೇಶ ಅಂತ್ಲೇ ಸೈನ್ ಹಾಕಿ."

"ಹೋದವ್ನ ಸೈನ್ ಹಾಕೋದಾ?"

"ಇದು ನಿಂತ್ರೆ ನಾನೂ ಉಣ್ಣೋದು ನಿಲ್ಲಿಸ್ತೀನಿ ರೈಟ್ರೇ." ಹೆದರಿಸುವ ದನಿಯಲ್ಲಿ ಹೇಳಲಿಲ್ಲ, ನಾಳೆ ಕೆಲಸಕ್ಕೆ ಬರಲ್ಲ ಎನ್ನುವ ಹಾಗೆ ಹೇಳಿದಳು. ಆಕೆ ಕೇಳಿದ್ದಕ್ಕೆ ಇಲ್ಲ ಎನ್ನುವ ಮುಖ ನನಗಿರಲಿಲ್ಲ.

ಇಪ್ಪತ್ತೈದರ ಹುಡುಗ ಜಪಾನಿನ ಹುಡುಗಿಗೆ ಏನು ಬರೆಯುತ್ತಾನೆಂದು ನನಗೆ ಹೇಗೆ ಗೊತ್ತಾಗಬೇಕು? ಅವನ ಕಾರ್ಬನ್ ಪುಸ್ತಕ ತೆಗೆದೆ. ಮೊದಲ ಹಾಳೆಯಿಂದ ಶುರು ಮಾಡಿ, ತಾರೀಕು ಮಾತ್ರ ಬದಲಿಸಿ, ಇದ್ದದ್ದನ್ನು ಇದ್ದಂತೆ ನಕಲು ಮಾಡಿ ಕಳಿಸಿದೆ. ಎರಡು ಮೂರು ತಿಂಗಳಿಗೊಂದು. ಉತ್ತರ ಬರುತ್ತಿತ್ತು, ಜೊತೆಗೆ ಪತ್ರಿಕೆ. ಭಾಗಮ್ಮ ಉಣ್ಣುತ್ತಿದ್ದಳು, ಕೆಲಸಕ್ಕೂ ಬರುತ್ತಿದ್ದಳು. ಮಹಾಲಯ ಅಮಾವಾಸ್ಯೆಗೆ ಎಲೆಯ ಮೇಲೆ ಮೀನುಸಾರು, ಕಡುಬು, ಪಕ್ಕದಲ್ಲಿ ಹೊಸದಾಗಿ ಬಂದ ಪತ್ರಿಕೆ ಇಟ್ಟು, ಸತ್ತವರು ಬಂದು ಉಣ್ಣಲೆಂದು ಬಾಗಿಲು ಮುಂದೆಮಾಡಿ ಹೊರಗೆ ನಿಂತೆವು. ಬಾಗಿಲು ತೆಗೆದಾಗ ಮುಚ್ಚಿಟ್ಟಿದ್ದ ಪತ್ರಿಕೆ ತೆರೆದಿತ್ತು, ಅದೂ ಹಿಂದುಗಡೆಯಿಂದ. ಗಾಳಿ ಎಂದೆ. ಭಾಗಮ್ಮ ಪತ್ರಿಕೆಯನ್ನು ಹಾಗೇ ತೆರೆದಿಟ್ಟು ಎಲೆ ಎತ್ತಿದಳು.

2002ರ ಕೊನೆಗೆ ಬಂದ ಪತ್ರದಲ್ಲಿ ಯುಕಾರಿ ತನ್ನ ಬೆಕ್ಕು ಕಳೆದುಹೋಗಿ ಮೂರು ದಿನಕ್ಕೆ ಅಕ್ಕಿಚೀಲದ ಹಿಂದೆ ಸಿಕ್ಕಿತೆಂದು ಬರೆದಿದ್ದಳು. ಎಲ್ಲೋ ಓದಿದ ಹಾಗಿದೆಯಲ್ಲ ಅನ್ನಿಸಿತು. ಉಮೇಶ ಅವಳ ಪತ್ರಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದ. ತೆಗೆದು ನೋಡಿದೆ, 1998ರವರೆಗಿನವು ಮಾತ್ರ ಇದ್ದವು. 1997ರಲ್ಲೂ ಅದೇ ಬೆಕ್ಕು, ಅದೇ ಮೂರು ದಿನ, ಅದೇ ಅಕ್ಕಿಚೀಲ. ಅಕ್ಷರಕ್ಕೆ ಅಕ್ಷರ ಒಂದೇ ಪತ್ರ. ಹಳೆಯದರಲ್ಲಿ ಬರವಣಿಗೆ ದುಂಡಗೆ ಓಡಿತ್ತು. ಹೊಸದರಲ್ಲಿ, ಇಂಗ್ಲಿಷ್ ಬಾರದವರು ನೋಡಿಕೊಂಡು ಒಂದೊಂದೇ ಅಕ್ಷರ ಬಿಡಿಸಿದ ಹಾಗೆ ನಡುಗುತ್ತಿತ್ತು. ಹಿಂದಿನ ಪತ್ರಗಳನ್ನೂ ಜೋಡಿಸಿ ನೋಡಿದೆ, ಎಲ್ಲವೂ ಹಾಗೇ. ನಾನು ಹಳೆಯ ಪ್ರಶ್ನೆ ಕಳಿಸುತ್ತಿದ್ದೆ, ಅಲ್ಲಿಂದ ಹಳೆಯ ಉತ್ತರ ಬರುತ್ತಿತ್ತು. ಹಾಡುಹಗಲಲ್ಲಿ, ಆಳುಗಳು ಹೊರಗೆ ಗಲಾಟೆ ಮಾಡುತ್ತಿರುವಾಗ, ಎದ್ದು ಆಫೀಸಿನ ದೀಪ ಹಾಕಿದೆ.

ಪತ್ರಿಕೆಗಳನ್ನು ಆಮೇಲೆ ನೋಡಿದೆ. ನನಗೆ ಓದಲು ಬರುತ್ತಿದ್ದುದು ಮುಖಪುಟದ ಮೇಲಿನ ಇಸವಿ ಒಂದೇ. ಉಮೇಶ ಸತ್ತ ಮೇಲೆ ಮೊದಲು ಬಂದದ್ದು 1997ರದ್ದು. ಆಮೇಲೆ ಬಂದದ್ದು 96, ಆಮೇಲೆ 94. ಹೊಸದಾಗಿ ಬಂದಷ್ಟೂ ಹಳೆಯದು. ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಸಣ್ಣ ಗುರುತುಗಳಿದ್ದವು. ಮುಂದಿನ ವರ್ಷ ಬಂದವುಗಳಲ್ಲಿ ಪೆನ್ಸಿಲ್ ಹೋಗಿ ಸ್ಕೆಚ್ ಪೆನ್ನಿನ ಹೂವುಗಳು. 2004ರ ಕೊನೆಗೆ ಬಂದದ್ದು 1980ರ ಮಕ್ಕಳ ಪತ್ರಿಕೆ. ಪುಟದ ತುಂಬ ಬಣ್ಣದ ಬಳಪದ ಗೀಚು, ಒಂದು ಮೂಲೆ ಹಲ್ಲಿನಿಂದ ಕಚ್ಚಿದ್ದು. ಆ ಹುಡುಗಿ ಪಾರ್ಸೆಲಿನಿಂದ ಪಾರ್ಸೆಲಿಗೆ ಚಿಕ್ಕವಳಾಗುತ್ತಿದ್ದಳು. ಇದಕ್ಕಿಂತ ಹಿಂದೆ ಹೋದರೆ ಏನು ಬರುತ್ತದೆಂದು ಯೋಚಿಸಿ ನಾನು ಹೆದರಿದೆ. ಹೌದು, ಹೆದರಿದೆ.

ಭಾಗಮ್ಮನಿಗೆ ತಿಳಿಸದೆ ನಿಜ ಬರೆದುಬಿಟ್ಟೆ. ಉಮೇಶ ಹೋಗಿ ನಾಲ್ಕು ವರ್ಷವಾಗುತ್ತ ಬಂತು, ಇಷ್ಟು ದಿನ ಬರೆದವನು ಅವನಲ್ಲ, ಕ್ಷಮಿಸಿ ಎಂದು. ಹೆಸರು ಹಾಕುವ ಧೈರ್ಯ ಬರಲಿಲ್ಲ.

ಮೂರು ತಿಂಗಳು ಏನೂ ಬರಲಿಲ್ಲ. ಭಾಗಮ್ಮ ದಿನಾ ಕೆಲಸ ಬಿಟ್ಟ ಮೇಲೆ ಆಫೀಸಿನ ಬಾಗಿಲಿಗೆ ಬಂದು ನಿಲ್ಲುವಳು, ನಾನು ತಲೆಯಾಡಿಸುವೆ, ಹೋಗುವಳು. ರವಿಕೆಯ ತೋಳು ಸಡಿಲವಾಗುತ್ತ ಬಂತು. ಲೈನಿನ ಶಂಕರಮ್ಮ ಬಂದು, ಭಾಗಮ್ಮ ಮತ್ತೆ ಗಂಜಿಗೆ ಇಳಿದಿದ್ದಾಳೆಂದು ಹೇಳಿಹೋದಳು. ಉಮೇಶನನ್ನು ಎರಡನೆಯ ಸಲವೂ ನಾನೇ ಕೊಂದೆ ಅನ್ನಿಸಿ ಆ ವಾರ ನನಗೂ ಅನ್ನ ಇಳಿಯಲಿಲ್ಲ.

ನಾಲ್ಕನೆಯ ತಿಂಗಳು ಒಂದು ತೆಳುವಾದ ಲಕೋಟೆ ಬಂತು. ಪತ್ರಿಕೆ ಇಲ್ಲ. ಯಾರ ಕೈಯಲ್ಲೋ ಬರೆಸಿ ಟೈಪು ಮಾಡಿಸಿದ ಕಾಗದ. ಲೈನ್ ಮನೆಗೇ ಹೋಗಿ ಭಾಗಮ್ಮನೆದುರು ಕನ್ನಡ ಮಾಡಿ ಓದಿದೆ:

"ನಾನು ಯುಕಾರಿಯ ತಾಯಿ. ನನ್ನ ಮಗಳು 1999ರಲ್ಲಿ ತೀರಿಕೊಂಡಳು. ಉಮೇಶ್ ಅವರಿಗೆ ಆಗಲೇ ತಿಳಿಸಿದ್ದೆ. 'ನಾನು ಮೊದಲಿನ ಹಾಗೇ ಅವಳಿಗೆ ಬರೆಯುತ್ತೇನೆ, ಅವಳ ಕರಡುಗಳನ್ನು ನೋಡಿ ನೀವು ಉತ್ತರ ಬರೆಯಿರಿ' ಎಂದು ಹೇಳಿದವರು ಅವರೇ. ಜೊತೆಗೆ ಅವಳ ಕಪಾಟಿನ ಪತ್ರಿಕೆಗಳನ್ನೇ ಮೇಲಿನಿಂದ ಒಂದೊಂದಾಗಿ ತೆಗೆದು ಕಳಿಸಿದೆ. ಅವರೂ ಇಲ್ಲವೆಂದು ಈಗ ಹೇಳುತ್ತೀರಿ. ಹಾಗಾದರೆ ಇಷ್ಟು ವರ್ಷ ನನ್ನ ಮಗಳಿಗೆ ಬರೆಯುತ್ತಿದ್ದವರು ಯಾರು?"

ಬದುಕಿನ ಕೊನೆಯ ಎರಡು ವರ್ಷ ಉಮೇಶ ಸತ್ತವಳಿಗೆ ಬರೆಯುತ್ತಿದ್ದ, ನನ್ನ ಎದುರಿನ ಮೇಜಿನಲ್ಲೇ ಕೂತು. ಆಮೇಲೆ ಆಫೀಸಿಗೆ ಹೋಗಿ, ನನ್ನ ನಕಲು ಇನ್ನೂ ತಲುಪದಿದ್ದ ಕಾರ್ಬನ್ ಪುಸ್ತಕದ ಕೊನೆಯ ಹಾಳೆಗಳನ್ನು ನೋಡಿದೆ. 1999ರಿಂದ ಅವನೂ ತನ್ನ ಹಳೆಯ ಪತ್ರಗಳನ್ನೇ ನಕಲು ಮಾಡಿದ್ದ.

ಕಾಗದ ಓದಿ ಮುಗಿಸಿದಾಗ ಭಾಗಮ್ಮನಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ.

"ನಿಂಗೆ ಗೊತ್ತಿತ್ತಾ?"

"ಅವ್ನು ಹೇಳಿದ್ದ. ಆ ಅಮ್ಮ ಉಣ್ಣಲ್ವಂತೆ, ಕಾಗದ ಹೋದ್ರೆ ಉಣ್ತಾರಂತೆ ಅಂತ. ಅವ್ನು ಹೋದ್ಮೇಲೆ ಯಾರಾದ್ರೂ ಬರೀಬೇಕಿತ್ತಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಯಾರ್ದೋ ಸತ್ತ ಹುಡ್ಗಿಗೆ ಬರೀರಿ ಅಂದ್ರೆ ಬರೀತಿದ್ರಾ? ಬೈದು ಕಳಿಸ್ತಿದ್ರಿ. ನನ್ ಮಗನ ಹೆಸ್ರಲ್ಲಿ ಅಂದ್ರೆ ಇಲ್ಲ ಅನ್ನಲ್ಲ ಅಂತ ಗೊತ್ತಿತ್ತು." ಆಮೇಲೆ ಆಕೆಯೇ ಕೇಳಿದಳು, "ಈಗೇನು ಬರೀತೀರಿ?"

ಜೇಬಿನಿಂದ ಪೆನ್ನು ತೆಗೆದೆ.

"ಉಮೇಶ ಅಂತ್ಲೇ ಬರೀರಿ. ಯಾರೋ ಗೊತ್ತಿಲ್ದೆ ತಪ್ಪು ಬರ್ದಿದ್ದಾರೆ, ಸತ್ತಿದ್ದು ನಾನಲ್ಲ, ನಮ್ ರೈಟ್ರು ಓಂಕಾರಪ್ಪ ಅಂತ ಬರೀರಿ."

ನಾನು ಆಕೆಯ ಮುಖ ನೋಡಿದೆ. ಸಿಟ್ಟಿರಲಿಲ್ಲ, ತಮಾಷೆಯೂ ಇರಲಿಲ್ಲ. ಅಲ್ಲೇ ಮಣೆಯ ಮೇಲೆ ಕೂತು ಬರೆದೆ. ಮೆಣಸು ಕೊಯ್ಲಿನಲ್ಲಿ ಏಣಿ ತಂತಿಗೆ ತಾಗಿ ನಾನು ಸತ್ತ ಬಗೆಯನ್ನು, ತಾರೀಕು ಸಮೇತ. ಕೆಳಗೆ ಉಮೇಶನ ಸೈನ್ ಹಾಕಿದೆ.

ಎರಡು ತಿಂಗಳಿಗೆ ಉತ್ತರ ಬಂತು. ಜೊತೆಗೆ ಅಂಗಡಿಯ ವಾಸನೆ ಹೋಗದ ಹೊಸ ಪತ್ರಿಕೆ, 2005ರದ್ದು. ನಡುಗುವ ಅಕ್ಷರದಲ್ಲಿ ಎರಡೇ ಸಾಲು, ಯಾವ ಹಳೆಯ ಪತ್ರದಲ್ಲೂ ಇಲ್ಲದ ಸಾಲುಗಳು. ನಿಮ್ಮ ರೈಟರು ಹೋದದ್ದು ಕೇಳಿ ದುಃಖವಾಯಿತು, ಅವರ ಹೆಸರಿನಲ್ಲಿ ದೀಪ ಹಚ್ಚಿಟ್ಟಿದ್ದೇನೆ. ಭಾಗಮ್ಮನಿಗೆ ಓದಿ ಹೇಳಿದೆ. ಆಕೆ ನನಗೂ ಒಂದು ತಟ್ಟೆ ಹಾಕಿ ಅನ್ನ ಬಡಿಸಿದಳು.