ಕೆರೆಗೆ ಬಾರದ ನೀರು

ಪುಟ್ಟೀ, ಅಪ್ಪೂ, ನಿಮ್ಮ ಎದುರು ಕೂತು ಇದನ್ನೆಲ್ಲ ಹೇಳಲು ನನಗೆ ಬಾಯಿ ಬರುವುದಿಲ್ಲ. ಬರೆದರೆ ಯಾರೂ ನಡುವೆ ನಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕೆರೆಗೆ ಬರುವ ಹೊಳೆಗೆ ಹೆಸರಿಲ್ಲ. ಸಣ್ಣದು, ತೋಡು ಎಂದಷ್ಟೇ ಹೇಳುತ್ತಾರೆ. ಕೊಯಿಲದ ಕಡೆಯ ಹುಲ್ಲಿನ ಗುಡ್ಡದ ಬುಡದಲ್ಲಿ ಒರತೆಯಾಗಿ ಹುಟ್ಟಿ, ಮೇಲಿನ ಮನೆಯವರ ಗದ್ದೆಯ ಬದಿಯಲ್ಲಿ ಇಳಿದು, ನಮ್ಮ ಮನೆಯ ಹಿಂದೆ ಗೋಡೆಯಂತೆ ನಿಂತ ಮಣ್ಣಿನ ದರೆಯ ತಲೆಯನ್ನು ಬಳಸಿ ಕೆರೆಗೆ ಬೀಳುತ್ತದೆ. ಕೆರೆ ತುಂಬಿ ಹೆಚ್ಚಾದದ್ದು ಕುಮಾರಧಾರೆಗೆ. ಬೇಸಗೆಯಲ್ಲಿ ನಮ್ಮ ತರಕಾರಿ ನಟ್ಟಿಗೆ ಆ ಕೆರೆಯೇ ಗತಿ. ಮಳೆಗಾಲಕ್ಕೆಂದು ಅಡುಗೆಮನೆಯಲ್ಲಿ ಸಾಲಾಗಿ ಕಟ್ಟಿ ತೂಗಿಸುವ ಸೌತೆಕಾಯಿ ಅದರ ನೀರು ಕುಡಿದೇ ಬೆಳೆದದ್ದು.

ಮಳೆ ನಿಂತು ತೋಡು ಸಣ್ಣದಾದ ಮೇಲೆ ಕಲ್ಲು, ಮಣ್ಣು, ಸೊಪ್ಪು ಮೆಟ್ಟಿ ಅಡ್ಡಕ್ಕೆ ಕಟ್ಟ ಹಾಕುವುದು ರೂಢಿ. ಕಟ್ಟದಲ್ಲಿ ನಿಂತದ್ದು ಮೇಲಿನವರಿಗೆ, ಅದರ ಮೇಲಿಂದ ಹರಿದದ್ದು ಕೆಳಗಿನವರಿಗೆ. ಎರಡೂ ಮನೆಯವರು ಸೇರಿಯೇ ಹಾಕಬೇಕು. ಒಬ್ಬರೇ ಹಾಕಿದರೆ ಎತ್ತರ ಎಷ್ಟೆಂದು ಕೇಳುವವರಿಲ್ಲ. ನಿಮ್ಮ ಅಜ್ಜ ಹೋದ ಮರುವರ್ಷ ಮೇಲಿನ ಮನೆಯ ಯಜಮಾನರು ಅಂಗಳದಲ್ಲೇ ನಿಂತು, "ಅಕ್ಕ, ನೀವು ಕೆಸರಿಗೆ ಇಳಿಯುದು ಬೇಡ. ಕಟ್ಟ ನಾವೇ ಹಾಕ್ತೇವೆ" ಅಂದರು. ಆ ಒಳ್ಳೆಯತನವೇ ನನಗೆ ಸರಿ ಕಾಣಲಿಲ್ಲ.

ಶಿವರಾತ್ರಿ ಕಳೆಯುವಾಗ ಕೆರೆಯ ಅಡಿಯ ಮೆಟ್ಟಿಲು ಕಂಡಿತು. ಸೌತೆಬಳ್ಳಿ ಮಧ್ಯಾಹ್ನಕ್ಕೇ ಬಾಡಿ ಮಲಗುತ್ತಿತ್ತು. ಹೋಗಿ ಕೇಳಲು ನಾಲಗೆ ಏಳಲಿಲ್ಲ. ಚಟ್ನಿಗೆ ತಿಮರೆ ಸೊಪ್ಪು ಕೊಯ್ಯುವ ನೆಪದಲ್ಲಿ ಕುಕ್ಕೆ ಹಿಡಿದು ತೋಡಿನ ಬದಿಯಲ್ಲೇ ಹತ್ತಿದೆ. ಕಟ್ಟದ ಹತ್ತಿರ ಯಜಮಾನರ ಹೆಂಡತಿ ಬಟ್ಟೆ ಒಗೆಯುತ್ತಿದ್ದಳು.

"ಎಂತ ಅಕ್ಕ, ಚಟ್ನಿಯ ಸೊಪ್ಪಿಗೆ ಇಷ್ಟು ದೂರವಾ? ಪೊಲೀಸು ಬಂದ ಹಾಗೆ ಉಂಟು!"

"ಕೆಳಗೆ ನೀರು ಇದ್ದರಲ್ವಾ ಸೊಪ್ಪು ಇರುದು?" ಅಂದೆ. ನನ್ನ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು.

"ನಾವು ನೀರನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೇವಾ ಮಾರಾಯ್ರೆ? ನೋಡಿ, ಹರೀತಾ ಉಂಟಲ್ಲ."

ಹೌದು, ಹರಿಯುತ್ತಿತ್ತು. ಆದರೂ ನಂಬಲಿಲ್ಲ. ನನ್ನನ್ನು ದೂರದಿಂದ ಕಂಡು ಆಗಷ್ಟೇ ನೀರು ಬಿಟ್ಟಿರಬಹುದು. ಅವರು ಪೇಟೆಗೆ ಹೋದ ಒಂದು ದಿನ ಭತ್ತದ ಉಮಿ ಒಯ್ದು ಕಟ್ಟದ ಕೆಳಗಿನ ನೀರಿಗೆ ಬಿಟ್ಟು ಅದರ ಜೊತೆಗೇ ನಡೆದೆ. ದರೆಯ ಮೇಲಿನ ತಿರುವಿನಲ್ಲಿ, ಕೇದಗೆ ಪೊದೆಯ ಬೇರಿನಡಿ, ಉಮಿ ಸುತ್ತಿ ಸುತ್ತಿ ಮಾಯವಾಯಿತು. ಅಲ್ಲಿಂದ ಮುಂದೆ ಹೋದದ್ದು ನೂಲಿನಂಥ ನೀರು. ಕಳ್ಳ ಪೈಪು ಹುಗಿದಿದ್ದಾರೆ ಎಂದೇ ತಿಳಿದೆ.

ಮರುದಿನ ಬೆಳಿಗ್ಗೆ ಅಂಗಳದ ಟಾಂಕಿಗೆ ಕೊಡಪಾನ ಮುಳುಗಿಸಿದರೆ ನೀರಿನ ಮೇಲೆ ಉಮಿ!

ಟಾಂಕಿಗೆ ಕುಡಿಯುವ ನೀರು ಬರುವುದು ನಿಮ್ಮ ಮುತ್ತಜ್ಜ ದರೆಯೊಳಗೆ ಅಡ್ಡಕ್ಕೆ ಕೊರೆಸಿದ ಸುರಂಗದಿಂದ. ತಿರುವಿನಲ್ಲಿ ಅದರ ಮೇಲಿನ ಮಣ್ಣಿನ ಮಾಡು ಕುಸಿದು ತೋಡಿನ ನೀರು ಒಳಗೆ ಇಳಿಯುತ್ತಿತ್ತು. ಆ ಬೇಸಗೆ ಟಾಂಕಿ ತುಂಬಿ ಚೆಲ್ಲುವುದನ್ನು ಕಂಡು ನಾನು ಹಿಗ್ಗಿದ್ದೆ. ಚೆಲ್ಲಿದ್ದು ಬಾಳೆಬುಡ ದಾಟಿ ರಸ್ತೆಯ ಚರಂಡಿಗೆ ಹೋಗುತ್ತಿತ್ತು, ಕೆರೆಗಲ್ಲ.

ನಾಚಿಕೆ ನುಂಗಿ ಮೇಲಿನ ಮನೆಗೆ ಹೋಗಿ ಹೇಳಿದೆ. "ಕಳ್ಳ ನಿಮ್ಮ ಕೊಡಪಾನದಲ್ಲೇ ಇದ್ದನಲ್ಲ ಅಕ್ಕ!" ಎಂದು ಯಜಮಾನರು ನಕ್ಕರು. ಹಾರೆ ಹಿಡಿದು ಬಂದು ಕಲ್ಲು, ಜೇಡಿಮಣ್ಣು ಜಡಿದು ತೂತು ಮುಚ್ಚಿದರು. ನಾನೂ ಕೆಸರಿಗಿಳಿದು ಕಲ್ಲು ಕೊಟ್ಟೆ. ವಾರ ಕಳೆಯುವುದರೊಳಗೆ ಕೆರೆಯ ಮೆಟ್ಟಿಲು ಮುಳುಗಿತು, ಬಳ್ಳಿ ತಲೆ ಎತ್ತಿತು.

ಆದರೆ ಕಲ್ಲು ಕೊಡುವಾಗ, ಆ ಮಾಡಿನ ಮಣ್ಣನ್ನು ಹಿಡಿದಿದ್ದ ಕೇದಗೆಯ ಬೇರು ನೋಡಿದೆ. ಕತ್ತಿಯಲ್ಲಿ ಕಡಿದ ಗುರುತಿತ್ತು, ಹಳೆಯದಲ್ಲ. ಏಡಿ ಹಿಡಿಯುವವರು ಕಡಿದರೋ, ಬೇರೆ ಯಾರೋ. ಕೇಳಲಿಲ್ಲ. ಅಂದಿನಿಂದ ಪ್ರತಿ ವರ್ಷ ಕಟ್ಟ ಹಾಕುವ ದಿನ ಯಾರೂ ಕರೆಯದಿದ್ದರೂ ಸೊಪ್ಪಿನ ಹೊರೆ ಹೊತ್ತು ಹೋಗುತ್ತೇನೆ.

ತೋಡು ಸುರಂಗದ ಮೇಲೆ ಹಾಯುವ ಆ ಜಾಗ ಗೊತ್ತಿರುವುದು ಮೇಲಿನ ಮನೆಯವರಿಗೆ ಮತ್ತು ನನಗೆ. ನಾನು ಹೋದ ಮೇಲೆ ಅವರಿಗೆ ಮಾತ್ರ ಗೊತ್ತಿರುವುದು ಬೇಡ. ಈ ಹಾಳೆಗಳನ್ನು ಗೆದ್ದಲು ಮುಟ್ಟದ ಕಡೆ ಜೋಪಾನವಾಗಿಡಿ, ಮಕ್ಕಳೇ. ಓದಿ ವಾಪಸು ಕೊಡ್ತೇವೆ ಎಂದು ಯಾರು ಕೇಳಿದರೂ ಕೊಡಬೇಡಿ.