ಮೀನಾಕ್ಷಿಯ ಮೂರನೆಯ ಬಾಣಂತನ

ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಮೀನಾಕ್ಷಿಗೆ ಡೆಟಾಲ್ ವಾಸನೆ ಎಂದರೆ ಆಗುತ್ತಿರಲಿಲ್ಲ. ಯಾರ ಮನೆಯಲ್ಲಾದರೂ ಆ ವಾಸನೆ ಬಂದರೆ ಮೂಗಿಗೆ ಸೆರಗು ಒತ್ತಿಕೊಂಡು, ಹೊಸಿಲಾಚೆಯಿಂದಲೇ ಮಾತಾಡಿಸಿ ಬಂದುಬಿಡುತ್ತಿದ್ದಳು. ರೈಲು ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಧರ್ಮೇಶನ ಹೆಂಡತಿಗೆ ಬಿಂಕ ಜಾಸ್ತಿ ಎಂದು ಅಕ್ಕಪಕ್ಕದವರು ಆಡಿಕೊಂಡರು. ಅದು ಬಿಂಕವಲ್ಲ, ಹೆದರಿಕೆ.

ತೊಂಬತ್ತೊಂದರಲ್ಲಿ ಅವಳು ಎರಡನೆಯ ಬಾಣಂತನಕ್ಕೆ ತವರೂರು ಕಣಕಟ್ಟೆಗೆ ಹೋಗಿದ್ದಳು. ಮೊದಲನೆಯವಳು ಇಂದು, ಎರಡನೆಯವನು ನಟರಾಜ. ಆಗ ನರ್ಸುಗಳಿಗೆ ವರ್ಷಕ್ಕೆ ಇಷ್ಟು ಜನರಿಗೆ ಮಕ್ಕಳಾಗದ ಆಪರೇಷನ್ ಮಾಡಿಸಲೇಬೇಕೆಂಬ ಟಾರ್ಗೆಟ್ಟು. ಸಿಸ್ಟರ್ ಕಾಂತಮ್ಮ ದಿನ ಬಿಟ್ಟು ದಿನ ಬಾಗಿಲಿಗೆ ಬರುತ್ತಿದ್ದಳು. "ಹೆಣ್ಣೊಂದು ಗಂಡೊಂದು ಆಯ್ತಲ್ಲ, ಇನ್ನೇನು? ಮುಗಿಸ್ಕೊಂಡೇ ಊರಿಗೆ ಹೋಗು" ಎನ್ನುತ್ತಿದ್ದಳು. ಮೀನಾಕ್ಷಿಗೂ ಸರಿ ಎನ್ನಿಸಿತು.

ಆಪರೇಷನ್ ಶಿಬಿರ ನಡೆದದ್ದು ಡೆಟಾಲ್ ವಾಸನೆ ತುಂಬಿದ್ದ ಶಾಲೆಯೊಂದರ ಕೊಠಡಿಯಲ್ಲಿ. ಆಪರೇಷನ್ ಆದವರನ್ನು ಜಮಖಾನದ ಮೇಲೆ ಸಾಲಾಗಿ ಮಲಗಿಸುತ್ತಿದ್ದರು. ಮೀನಾಕ್ಷಿಯ ಪಕ್ಕಕ್ಕೆ ಮುದ್ದಮ್ಮ. ಹಳೇಬೀಡಿಗೆ ಕೊಟ್ಟಿದ್ದ ಹುಡುಗಿ, ಅವಳೂ ತವರಿಗೆ ಬಂದಿದ್ದವಳು. ಒಳಗೆ ಹೋಗುವ ಮುಂಚೆ ಅವಳೇ ಧೈರ್ಯ ಹೇಳಿದ್ದಳು: "ಹೆದರ್ಕಬ್ಯಾಡ ಕಣಕ್ಕ, ಇರುವೆ ಕಚ್ದಂಗಂತೆ." ಸಂಜೆಯ ಹೊತ್ತಿಗೆ ಮುದ್ದಮ್ಮನ ಹೊಟ್ಟೆ ಉಬ್ಬಿ ಕಲ್ಲಾಯಿತು. ಮೈಯೆಲ್ಲ ಬೆವರಿ ತಣ್ಣಗಾಯಿತು. ಹಾಸನದ ದೊಡ್ಡಾಸ್ಪತ್ರೆಗೆ ಒಯ್ಯಲು ಜೀಪು ತಂದು ನಿಲ್ಲಿಸಿದರು. ಎತ್ತಿಕೊಂಡು ಹೋಗುವಾಗ ಅವಳು ಮೀನಾಕ್ಷಿಯ ಬೆರಳುಗಳನ್ನು ಬಿಡಲಿಲ್ಲ. ಯಾರೋ ಒಂದೊಂದಾಗಿ ಬಿಡಿಸಿದರು. ವಾರ ಕಳೆಯುವುದರೊಳಗೆ ಮುದ್ದಮ್ಮ ತೀರಿಕೊಂಡ ಸುದ್ದಿ ಬಂತು.

ಮೀನಾಕ್ಷಿಯ ಗಾಯ ಮಾಯಿತು. ಆದರೆ ಅಂದಿನಿಂದ ಬಿಳಿ ಕೋಟು ಕಂಡರೆ ಅವಳ ಅಂಗೈ ಬೆವರುತ್ತಿತ್ತು. ಮಕ್ಕಳಿಗೆ ಸೂಜಿ ಹಾಕಿಸಲು ಧರ್ಮೇಶನೇ ಹೋಗಬೇಕಾಗುತ್ತಿತ್ತು.

ತೊಂಬತ್ತಾರರ ಮಳೆಗಾಲ ಮುಗಿಯುವಾಗ ನಟರಾಜನಿಗೆ ಜ್ವರ ಬಂತು. ಶಾಲೆಗೆ ಸೇರಿ ಇನ್ನೂ ಅ ಆ ಇ ಈ ತಿದ್ದುತ್ತಿದ್ದ ಹುಡುಗ. ಮೆದುಳು ಜ್ವರ ಎಂದರು. ಹಾಸನಕ್ಕೆ ಸೇರಿಸುವ ಹೊತ್ತಿಗೆ ಅವನಿಗೆ ತಾಯಿಯ ಗುರುತೇ ಸಿಗುತ್ತಿರಲಿಲ್ಲ. ಉಳಿಯಲಿಲ್ಲ.

ಆಮೇಲೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಇಂದು ಮೂಲೆಯಲ್ಲಿ ಕೂತು ಓದುತ್ತಿದ್ದಳು. ಅತ್ತೆ ಮಾರಮ್ಮ ಮಾತ್ರ ಒಂದು ದಿನ ನೆರೆಯವಳ ಹತ್ತಿರ, "ಹೆಣ್ಣು ಮಗ ಇನ್ನೊಬ್ಬರ ಮನೆಗೆ ಹೋಗೋದು. ನನ್ ಮಗಂಗೆ ಇನ್ನೂ ವಯಸ್ಸೈತೆ" ಎಂದದ್ದು ಅಡಿಗೆಮನೆಗೆ ಕೇಳಿಸಿತು. ಮುದ್ದೆ ತಿರುವುತ್ತಿದ್ದ ಮೀನಾಕ್ಷಿಯ ಕೈ ನಿಂತುಹೋಯಿತು. ಅಂದಿನಿಂದ ಗಂಡ ಡ್ಯೂಟಿ ಮುಗಿಸಿ ಬರುವುದು ತಡವಾದರೂ ಅವಳಿಗೆ ಅನುಮಾನ, ಊರಿನಿಂದ ನೆಂಟರು ಬಂದರೂ ಅವನಿಗೆ ಇನ್ನೊಂದು ಹೆಣ್ಣು ಗೊತ್ತು ಮಾಡುತ್ತಿದ್ದಾರೆಂಬ ಅನುಮಾನ.

ಅಷ್ಟರಲ್ಲಿ ಅರಸೀಕೆರೆಗೆ ವರ್ಗವಾಗಿದ್ದ ಸಿಸ್ಟರ್ ಕಾಂತಮ್ಮ ಮನೆಗೆ ಬಂದಳು. ಮಗುವಿನ ಸುದ್ದಿ ಕೇಳಿದ್ದಳು. ಚಾಪೆಯ ಮೇಲೆ ಕೂತು, "ಮೀನಾಕ್ಷಿ, ನಿಂಗೆ ಆಪರೇಷನ್ನಲ್ಲಿ ಗರ್ಭದ ನಾಳಕ್ಕೆ ಹಾಕಿರೋದು ರಿಂಗು. ಬೆಂಗಳೂರಲ್ಲಿ ಅದನ್ನ ಬಿಡಿಸಿ ಮತ್ತೆ ಮಕ್ಕಳಾಗೋ ಹಾಗೆ ನಾಳ ಜೋಡಿಸ್ತಾರೆ. ಮಕ್ಕಳನ್ನ ಕಳಕೊಂಡೋರಿಗೆ ಸರ್ಕಾರದಿಂದಲೇ ಮಾಡ್ತಾರೆ" ಎಂದಳು.

ಮೀನಾಕ್ಷಿ ಗೋಡೆಗೆ ಒರಗಿದಳು. "ಬ್ಯಾಡ ಅಂತ ಬಾಗಿಲಿಗೆ ಬಂದಿದ್ದೂ ಸರ್ಕಾರವೇ. ಈಗ ಹಡಿ ಅನ್ನೋದೂ ಸರ್ಕಾರವೇ. ಯಾಕೆ ಸಿಸ್ಟರ್?"

ಕಾಂತಮ್ಮ ಮುಚ್ಚಿಡಲಿಲ್ಲ. "ಇರೋ ಮಗು ಸತ್ರೆ ಏನ್ ಗತಿ ಅಂತ ಹೆದರಿ ಎಷ್ಟೋ ಜನ ಆಪರೇಷನ್‌ಗೆ ಬರಲ್ಲ. ಬೇಕಾದ್ರೆ ಬಿಚ್ಚಿಕೊಡ್ತಾರೆ ಅಂತ ಗೊತ್ತಾದ್ರೆ ಧೈರ್ಯವಾಗಿ ಬರ್ತಾರೆ. ಅದಕ್ಕೇ."

ಆ ರಾತ್ರಿ ಊಟಕ್ಕೆ ಕೂತಾಗ ಧರ್ಮೇಶ ಪೇಪರಿನಲ್ಲಿ ಓದಿದ್ದನ್ನು ಹೇಳಿದ. ಸಿಂಗಾಪುರದಲ್ಲಿ ಮೊದಲು ಎರಡೇ ಸಾಕು ಅನ್ನುತ್ತಿದ್ದರಂತೆ. ಹುಟ್ಟುವವರು ಕಡಿಮೆಯಾಗಿ, ನಾಳೆ ದುಡಿಯಲು ಜನ ಸಾಲುವುದಿಲ್ಲ ಎಂದು ಭಯ ಹತ್ತಿ, ಈಗ ಸಾಕುವ ಶಕ್ತಿ ಇದ್ದವರು ಮೂರು ಹೆರಿ ಅನ್ನುತ್ತಾರಂತೆ. "ಸರ್ಕಾರಕ್ಕೂ ಭಯ ಆಯ್ತದೆ ಕಣೆ" ಎಂದು ನಗಲು ನೋಡಿದ. ಆಮೇಲೆ ತಟ್ಟೆ ನೋಡುತ್ತಾ, "ನಿಂಗಿಷ್ಟ ಇದ್ರೆ ಹೋಗಣ. ಇಲ್ದಿದ್ರೆ ಬ್ಯಾಡ" ಎಂದ. ಅವನು ಬೇಡ ಎಂದು ಗಟ್ಟಿಯಾಗಿ ಹೇಳಲಿಲ್ಲ ಎಂಬುದನ್ನೇ ಅವಳು ಮನಸ್ಸಿಗೆ ಹಚ್ಚಿಕೊಂಡಳು. ಆಪರೇಷನ್ ಟೇಬಲ್ಲಿನ ಭಯಕ್ಕಿಂತ ಸವತಿಯ ಭಯ ಆ ಗಳಿಗೆಯಲ್ಲಿ ದೊಡ್ಡದಾಯಿತು. ಹೂಂ ಎಂದಳು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಸ್ಟ್ರೆಚರಿನ ಮೇಲೆ ಮಲಗಿಸಿದಾಗ ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಪಕ್ಕದ ಸ್ಟ್ರೆಚರಿನಲ್ಲಿ ಯಾರಿದ್ದಾರೆಂದು ತಿರುಗಿ ನೋಡಲು ಧೈರ್ಯ ಸಾಲದೆ ಕಣ್ಣು ಮುಚ್ಚಿಕೊಂಡಳು. ಎಚ್ಚರವಾದಾಗ ಮೊದಲು ಹೊಟ್ಟೆ ಮುಟ್ಟಿ ನೋಡಿಕೊಂಡಳು. ಉಬ್ಬಿರಲಿಲ್ಲ.

ಊರಿಗೆ ಕಳಿಸುವ ಮುನ್ನ ಡಾಕ್ಟರಮ್ಮ ಎಚ್ಚರಿಸಿದರು: "ಮುಟ್ಟು ನಿಂತ ತಕ್ಷಣ ಬರಬೇಕು. ಕೆಲವರಿಗೆ ಮಗು ನಾಳದಲ್ಲೇ ಕೂತುಬಿಡುತ್ತೆ. ನಾಳ ಒಡೆದರೆ ತಾಯಿ ಉಳಿಯೋದು ಕಷ್ಟ."

ಹೀಗಾಗಿ ಮುಂದಿನ ವರ್ಷ ಮುಟ್ಟು ನಿಂತಾಗ ಮಾರಮ್ಮ ಸಂತೋಷದಿಂದ ಕಾಯಿ ಒಡೆದರೆ, ಮೀನಾಕ್ಷಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತಳು. ಹೊಟ್ಟೆಯಲ್ಲಿ ಸಣ್ಣಗೆ ನೋವು ಕಂಡರೂ ನಾಳ ಒಡೆಯಿತೆಂದೇ ಅವಳಿಗೆ ಅನ್ನಿಸುತ್ತಿತ್ತು. ಸ್ಕ್ಯಾನಿಂಗಿನಲ್ಲಿ ಮಗು ಇರಬೇಕಾದಲ್ಲೇ ಇದೆ ಎಂದು ತಿಳಿದ ಮೇಲೂ ಭಯ ಹೋಗಲಿಲ್ಲ, ಬೇರೆ ರೂಪ ತಾಳಿತು. ಇದಕ್ಕೂ ಜ್ವರ ಬಂದರೆ? ಹೆಣ್ಣಾದರೆ? ತಾನು ಸತ್ತರೆ ಇಂದುವಿನ ಜಡೆ ಹೆಣೆಯುವವರು ಯಾರು?

ಹೆಣ್ಣೇ ಹುಟ್ಟಿತು. ತೊಂಬತ್ತೆಂಟರ ಚಳಿಗಾಲ. ಮಾರಮ್ಮ ಆಸ್ಪತ್ರೆಗೆ ಬಂದು, ಮಗುವಿನ ಮುಖ ನೋಡಿ, ಹೊರಗೆ ಹೋಗಿ ಕೂತಳು. ಸಂಜೆ ಒಳಗೆ ಬಂದಾಗ ಮಗು ಅಳುತ್ತಿತ್ತು. ಎತ್ತಿಕೊಂಡು, "ಗಂಟಲು ಗಟ್ಟಿಯಾಗೈತೆ, ಬದುಕ್ತದೆ ಬಿಡು" ಎಂದಳು.

ಮಾರನೆಯ ದಿನ ಬೆಳಿಗ್ಗೆ ವಾರ್ಡಿಗೆ ಬಂದವಳು ಸಿಸ್ಟರ್ ಕಾಂತಮ್ಮ. ಮಗುವಿನ ಕೆನ್ನೆ ಸವರಿ, ಸ್ವಲ್ಪ ಸಂಕೋಚದಿಂದಲೇ ಕೇಳಿದಳು. "ಮೀನಾಕ್ಷಿ, ಈಗ ಎರಡಾಯ್ತು. ಈ ಹೆರಿಗೆ ಜತೆಗೇ ಆಪರೇಷನ್ ಮುಗಿಸಿಬಿಡೋಣವಾ?"

ಮೀನಾಕ್ಷಿಯ ಮುಖ ಬಿಳಚಿಕೊಂಡಿತು. ಮಗುವನ್ನು ಅವಚಿಕೊಂಡು ಗೋಡೆಯ ಕಡೆ ಸರಿದಳು. ಬಾಗಿಲಲ್ಲಿ ನಿಂತಿದ್ದ ಧರ್ಮೇಶ ಅದನ್ನು ನೋಡಿದ. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಅವಳ ಹೆದರಿಕೆ ಪೂರ್ತಿ ಕಂಡದ್ದು ಆವತ್ತೇ.

"ಅವಳನ್ನ ಬಿಟ್ಬಿಡಿ ಸಿಸ್ಟರ್. ಗಂಡಸರಿಗೂ ಮಾಡ್ತಾರಲ್ಲ, ನನಗೇ ಮಾಡಿ" ಎಂದ.

"ಅಯ್ಯೋ, ಬ್ಯಾಡ ಕಣೋ! ಹಾರೆ ಎತ್ತೋ ಕೈ ಬಿದ್ದೋಯ್ತದೆ!" ಮಾರಮ್ಮ ಎದೆ ಬಡಿದುಕೊಂಡಳು. ಗ್ಯಾಂಗಿನವರಿಗೂ ಸುದ್ದಿ ಮುಟ್ಟಿತು. "ಏನ್ಲಾ ಧರ್ಮೇಶ, ಆಮ್ಯಾಕೆ ನೀನು ಸೀರೆ ಉಡೋದೇಯಾ?" ಎಂದು ನಕ್ಕರು. ಅವನೂ ನಕ್ಕ. ಆದರೆ ಆಪರೇಷನ್ನಿನ ಹಿಂದಿನ ದಿನ ಅನ್ನ ಸೇರಲಿಲ್ಲ. ತಾನು ಬೇಡವೆಂದರೆ ಇವನು ಹಿಂದೆ ಸರಿಯುತ್ತಾನೆ ಎಂದು ಮೀನಾಕ್ಷಿಗೆ ಗೊತ್ತಿತ್ತು. ಬೇಡ ಎನ್ನಲು ಬಾಯಿ ತೆರೆದಳು, ನಿಲ್ಲಿಸಿದರೆ ತನ್ನ ಸರದಿ ಬರುತ್ತದೆಂದು ಮುಚ್ಚಿದಳು. ಆ ಮೌನ ಅವಳನ್ನು ಬಹಳ ದಿನ ಚುಚ್ಚಿತು.

ಬಾಣಂತಿ ಹೊರಗೆ ಬರಬಾರದೆಂದು ಅತ್ತೆ ಬೈದರೂ ಕೇಳದೆ, ಕಿವಿಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನೆತ್ತಿಕೊಂಡು ಆಸ್ಪತ್ರೆಯ ವರಾಂಡದಲ್ಲಿ ಕಾದಳು. ಡೆಟಾಲ್ ವಾಸನೆ ಗಪ್ಪೆಂದು ಹೊಡೆಯುತ್ತಿತ್ತು. ಒಂದು ಜೀಪು ಬಂದು ನಿಂತಾಗ ಮುದ್ದಮ್ಮನ ನೆನಪಾಗಿ ಕೂಸನ್ನು ಎದೆಗೊತ್ತಿಕೊಂಡಳು. ಅದರಿಂದ ಯಾರೋ ಆಫೀಸರು ಇಳಿದು ಹೋದರು. ಕೊನೆಗೆ ಧರ್ಮೇಶ ಬಾಗಿಲು ತಳ್ಳಿಕೊಂಡು ತಾನೇ ನಡೆದು ಬಂದ. ಮುಖ ಬಾಡಿತ್ತು.

"ನೋವೈತಾ?" ಎಂದಳು.

"ಐತೆ. ನಿನಗಾದಷ್ಟಿಲ್ಲ" ಎಂದು ಬೆಂಚಿನ ಮೇಲೆ ಮೆಲ್ಲಗೆ ಕೂತ.

ಅವನು ಮತ್ತೆ ಡ್ಯೂಟಿಗೆ ಹೋದ ದಿನ, ಹಾರೆ ಎತ್ತುವ ಕೈ ಬಿದ್ದುಹೋಗುತ್ತದೆಂಬ ಅತ್ತೆಯ ಮಾತು ಕೊರೆದು ಮೀನಾಕ್ಷಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಬುತ್ತಿ ಕಟ್ಟಿಕೊಂಡು ಹಳಿಯ ಪಕ್ಕದ ಕಾಲುದಾರಿ ಹಿಡಿದು ಗ್ಯಾಂಗಿನವರು ಇದ್ದಲ್ಲಿಗೆ ಹೋದಳು. ದೂರದಿಂದಲೇ ನಿಂತು ನೋಡಿದಳು. ಧರ್ಮೇಶ ಹಾರೆಯನ್ನು ಜಲ್ಲಿಯೊಳಗೆ ನೆಟ್ಟು, ಎಲ್ಲರ ಜತೆ ಐಸಾ ಎಂದು ಕೂಗಿ ಮೀಟಿದ. ಹಳಿ ಸರಿಯಿತು. ಅವಳು ಬುತ್ತಿಯನ್ನು ಮರದ ನೆರಳಿನಲ್ಲಿಟ್ಟು, ಅವನಿಗೆ ಕೈ ತೋರಿಸಿ, ಮಗುವಿಗೆ ಹಾಲು ಕೊಡುವ ಹೊತ್ತಾಯಿತೆಂದು ಮನೆಯ ಕಡೆ ಬೇಗ ಬೇಗ ನಡೆದಳು.