ಉಪವಾಸದ ತೂಕ

ದೇಹ ನಶ್ವರವೆಂದು ಹಿರಿಯರು ಹೇಳುತ್ತಾರೆ. ನನ್ನ ಷಡ್ಡಕರ ದೇಹ ಮಾತ್ರ ಈ ವಿಷಯದಲ್ಲಿ ಯಾವ ಅವಸರವನ್ನೂ ತೋರಲಿಲ್ಲ. ಪುಣೆಯ ಕೊಂಢವಾ ಬಡಾವಣೆಯ ನಮ್ಮ ಮನೆಯ ಬಾಗಿಲಲ್ಲಿ ಮೊದಲು ಅವರ ಹೊಟ್ಟೆ, ಅದರ ಹಿಂದೆ ಕುಂಟುವ ಬಲಗಾಲು, ಕೊನೆಗೆ ಉಪದೇಶ, ಹೀಗೆ ಕ್ರಮವಾಗಿ ಪ್ರವೇಶಿಸುತ್ತಿದ್ದವು.

ಮೊಣಕಾಲು ಪೂರ್ತಿ ಸವೆದಿತ್ತು. ಆರು ತಿಂಗಳಲ್ಲಿ ಎಂಟು ಕಿಲೋ ಇಳಿಸಿದರೆ ಮಾತ್ರ ಆಪರೇಶನ್ ಎಂದು ಯೆರವಡಾದ ಡಾಕ್ಟರು ಹೇಳಿದಂದಿನಿಂದ ಅವರು ತಿಂದದ್ದನ್ನೆಲ್ಲ ಮೊಬೈಲಿನಲ್ಲಿ ಕ್ಯಾಲರಿಯಾಗಿ ಬರೆಯತೊಡಗಿದರು. ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ತಕರಾರಿರಲಿಲ್ಲ. ಪ್ರತಿ ರವಿವಾರ ಚೀಲದಿಂದ ಅಂಗೈಯಗಲದ ತಕ್ಕಡಿ ತೆಗೆದು, ನನ್ನ ಮನೆಯಲ್ಲಿ, ನನ್ನ ತಾಟಿನ ರೊಟ್ಟಿಯನ್ನು ತೂಗುತ್ತಿದ್ದರು.

"ತಮ್ಮಾ, ಇದು ಎರಡನೇದಲ್ಲೇನು? ಅದೇನ್ ಹೊಟ್ಟಿನೋ ಗೋದಾಮೋ?"

"ಗೋದಾಮು ನಿಮ್ಮ ಕಡೆ ಅದ ಅಣ್ಣಾರ. ನಂದು ಸಣ್ಣ ಕಿರಾಣಿ ಅಂಗಡಿ."

ನನ್ನ ಹೆಂಡತಿ ನಗಲಿಲ್ಲ. ಅಕ್ಕನ ಗಂಡನ ಮಾತು ಅವಳಿಗೆ ಶಾಸನ. ಎರಡನೇ ರೊಟ್ಟಿ ಸದ್ದಿಲ್ಲದೆ ಬುಟ್ಟಿಗೆ ಮರಳಿತು.

ಒಂದು ಏಕಾದಶಿಯಂದು ಅವರ ಮನೆಗೆ ಹೋಗಿದ್ದೆ. ತಾಟಿನಲ್ಲಿ ತುಪ್ಪದಲ್ಲಿ ಮಿಂದ ಸಾಬುದಾಣಿ ಖಿಚಡಿ, ಪಕ್ಕದಲ್ಲಿ ಹುರಿದ ಬಟಾಟೆ, ಶೇಂಗಾ ಉಂಡಿ. ಮೊಬೈಲು ಕಪಾಟಿನ ಮೇಲೆ ವಿಶ್ರಮಿಸುತ್ತಿತ್ತು.

"ಇದನ್ನ ಬರ್ಯಂಗಿಲ್ಲೇನ್ರಿ?"

ನನ್ನ ಅಜ್ಞಾನಕ್ಕೆ ಮರುಗಿದರು. "ಇವತ್ತು ಉಪವಾಸ ಅದ. ಊಟಾನ ಇಲ್ಲ, ಏನಂತ ಬರೀಲಿ?"

"ಏಕಾದಶಿ ಅಂತ ಶೇಂಗಾಕ್ಕ ಗೊತ್ತಿರ್ತದೇನ್ರಿ?"

"ಎರಡ್ ರೊಟ್ಟಿ ತಿನ್ನಾಂವಗ ಧರ್ಮ ತಿಳ್ಯಂಗಿಲ್ಲ ಬಿಡು" ಎಂದು ಇನ್ನೊಂದು ಉಂಡಿ ಬಾಯಿಗಿಟ್ಟರು.

ತೂಕ ಇಳಿಯದಾಗ ಮೊದಲು ಯಂತ್ರವನ್ನು ಬೈದರು, ಆಮೇಲೆ ಬದಲಿಸಿದರು, ಕೊನೆಗೆ ಉಪವಾಸ ಹೆಚ್ಚಿಸಿದರು. ಏಕಾದಶಿಗೆ ಸೋಮವಾರ ಸೇರಿತು, ಸೋಮವಾರಕ್ಕೆ ಗುರುವಾರ, ಗುರುವಾರಕ್ಕೆ ಚತುರ್ಥಿ. ಅಷ್ಟು ಭಕ್ತಿಯನ್ನು ಹೊರುವುದು ಸವೆದ ಮೊಣಕಾಲಿಗೆ ಸಾಧ್ಯವಿರಲಿಲ್ಲ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದವರು ನನ್ನ ಹೆಗಲು ಹಿಡಿಯತೊಡಗಿದರು. ಹೆಗಲ ಮೇಲೆ ಕೈಯಿಟ್ಟುಕೊಂಡೇ ನನ್ನ ಚಹಾದ ಸಕ್ಕರೆ ವಿಚಾರಿಸುತ್ತಿದ್ದರು.

ಗಡುವಿನ ದಿನ ಅವರನ್ನು ಆಸ್ಪತ್ರೆಗೆ ಕರೆದೊಯ್ದವನು ನಾನೇ. ಡಾಕ್ಟರು ಮೊಬೈಲಿನ ಲೆಕ್ಕ ನೋಡಿ ಬೆರಗಾದರು. ತೂಕದ ಯಂತ್ರ ನೋಡಿ ಇನ್ನೂ ಬೆರಗಾದರು. "ಈ ದಿನಗಳೆಲ್ಲ ಯಾಕೆ ಖಾಲಿ ಇವೆ?" ಎಂದು ಮರಾಠಿಯಲ್ಲಿ ಕೇಳಿದರು.

"ಉಪವಾಸ" ಎಂದರು ಷಡ್ಡಕರು, ಎದೆ ಸೆಟೆಸಿ.

ಡಾಕ್ಟರು ಪುಣೆಯವರೇ, ಉಪವಾಸದ ಖಿಚಡಿ ಬಲ್ಲವರು. ಮುಂದೆ ಏನನ್ನೂ ಕೇಳುವ ಅಗತ್ಯ ಅವರಿಗೆ ಬೀಳಲಿಲ್ಲ.

ಷಡ್ಡಕರ ತಕ್ಕಡಿಯ ಎದುರು ಕುಳಿತು ಆರು ತಿಂಗಳು ನನಗೆ ತುತ್ತು ಇಳಿದಿರಲಿಲ್ಲ; ಆ ಋಣ ನನ್ನ ಮೇಲಿದೆ. ನಾನು ಐದು ಕಿಲೋ ಇಳಿದಿದ್ದೆ. ಅವರು ಮೂರು ಕಿಲೋ ಏರಿದ್ದರು. ಆಪರೇಶನ್ ಆಗಲಿಲ್ಲ.